ಜಮಖಾನ ಗೋಡೆಗಲ್ಲ, ಕೂರೋದಕ್ಕೆ

ಬಾಡಿಗೆ ಮನೆಯಲ್ಲಿ ಬದುಕಿದವರಿಗೆಲ್ಲ ಒಂದು ಬಣ್ಣ ಚೆನ್ನಾಗಿ ಗೊತ್ತಿರುತ್ತೆ. ಅದು ಬಿಳಿಯೂ ಅಲ್ಲ, ಕೆನೆಯೂ ಅಲ್ಲ. ನಾನು ಅದಕ್ಕಿಟ್ಟ ಹೆಸರು ‘ಓನರ್ ಬಣ್ಣ’. ಹಳಬರು ಖಾಲಿ ಮಾಡುವಾಗ ಅವರ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ ದುಡ್ಡಿನಿಂದ ಹೊಸಬರಿಗಾಗಿ ಬಳಿಯುವ ಬಣ್ಣ ಅದು. ಮದುವೆಯಾದ ಮೇಲೆ ಒಂಬತ್ತು ವರ್ಷ, ಬೆಂಗಳೂರಿನ ನಾಲ್ಕು ಮನೆಗಳಲ್ಲಿ, ಅದೇ ಬಣ್ಣದ ನಡುವೆ ಇದ್ದೆವು. ಮೊಳೆ ಹೊಡೆಯೋ ಹಾಗಿಲ್ಲ, ಗೋಡೆಗೆ ಟೇಪ್ ಅಂಟಿಸೋ ಹಾಗಿಲ್ಲ. ಹಾಗಾಗಿ ಕೆಂಗೇರಿಯ ಆಚೆ ನಮ್ಮದೇ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಆಗುತ್ತೆ ಅಂತಾದಾಗ ನನ್ನ ಆಸೆ ಒಂದೇ ಇತ್ತು. ಬಣ್ಣ! ಕಣ್ಣು ಕುಕ್ಕಿದರೂ ಪರವಾಗಿಲ್ಲ, ಯಾರ ಅನುಮತಿಯೂ ಬೇಡದ ಬಣ್ಣ ಬೇಕಿತ್ತು.

ಅದೇ ಹೊತ್ತಿಗೆ ಇನ್ನೊಂದು ವಿಷಯವೂ ಇತ್ತು. ಮಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅತ್ತೆ ನವಲಗುಂದದ ಮನೆಯಲ್ಲಿ ಒಬ್ಬರೇ. ಮಂಡಿನೋವು ಬೇರೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಬೆಂಗಳೂರಿಗೆ ಬನ್ನಿ ಅಂತ ಕರೆದಾಗಲೆಲ್ಲ ನಾಲ್ಕು ದಿನ ಇದ್ದು ಹೊರಟುಬಿಡುತ್ತಿದ್ದರು. ಈ ಸಲ ಮಾತ್ರ, “ಬರ್ತೀನವಾ. ಆದ್ರ ನನಗ ಹೊಂದಲಿಲ್ಲ ಅಂದ್ರ ಹೊಳ್ಳಿ ಹೋಗ್ತೀನಿ, ಬ್ಯಾಡ ಅನಬ್ಯಾಡ್ರಿ” ಅಂದಿದ್ದರು.

ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದಿ ಫರ್ಸಿಯ ತಂಪು ನೆಲ, ಸಂಜೆ ಕೂತು ಹಾದುಹೋಗುವವರನ್ನೆಲ್ಲ ಮಾತನಾಡಿಸಲು ಮುಂಬಾಗಿಲ ಕಟ್ಟೆ. ನಲವತ್ತು ವರ್ಷ ಹೀಗೆ ಇದ್ದವರನ್ನು ಆರನೇ ಮಹಡಿಗೆ ಕರೆತರುವುದು ಸುಲಭವಲ್ಲ. ನನ್ನ ಬಣ್ಣದ ಹುಚ್ಚು ಒಂದು ಕಡೆ, ಅವರ ಮಂಡಿ ಇನ್ನೊಂದು ಕಡೆ. ಒಂದೇ ಮನೆ ಎರಡಕ್ಕೂ ಉತ್ತರ ಕೊಡಬೇಕಿತ್ತು.

ಚಿತ್ರದೊಳಗೆ ಯಾರೂ ಇರಲಿಲ್ಲ

ಒಂದು ಇಂಟೀರಿಯರ್ ಸಂಸ್ಥೆಯವರು ಮನೆ ಅಳೆದು ಹೋಗಿ, ವಾರದೊಳಗೆ ತ್ರೀಡಿ ಚಿತ್ರ ಕಳಿಸಿದರು. ಚಿತ್ರ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನೀಲಿ ಗೋಡೆ, ಹಿತ್ತಾಳೆ ಬಣ್ಣದ ದೀಪ, ನೆಲಕ್ಕೇ ಅಂಟಿಕೊಂಡಂತಿದ್ದ ತಗ್ಗು ಸೋಫಾ, ಮೂಲೆಯಲ್ಲಿ ದೊಡ್ಡ ಎಲೆಯ ಗಿಡ. ಫೋನಿನಲ್ಲಿ ಝೂಮ್ ಮಾಡಿ ಮಾಡಿ ನೋಡಿದೆ.

ಆಮೇಲೆ ನನ್ನ ಗಂಡ ಒಂದು ಮಾತು ಹೇಳಿದರು: “ಇದ್ರಲ್ಲಿ ಯಾರೂ ಇಲ್ವಲ್ಲ?” ನಿಜ. ಆ ಮನೆಯಲ್ಲಿ ಮನುಷ್ಯರಿರಲಿಲ್ಲ. ಬಟ್ಟೆ ಒಣಗಿಸೋ ಸ್ಟ್ಯಾಂಡ್ ಇರಲಿಲ್ಲ. ಕೊರಿಯರ್ ಡಬ್ಬಗಳಿರಲಿಲ್ಲ. ನಮ್ಮ ನಾಲ್ಕು ವರ್ಷದ ಮಗನ ಮೂರು ಗಾಲಿ ಸೈಕಲ್ ಇರಲಿಲ್ಲ. ಕೊತ್ತಂಬರಿ ಸೋಸುತ್ತಾ ಕೂತ ಅತ್ತೆಯಂತೂ ಇರಲೇ ಇಲ್ಲ.

“ಸೋಫಾ ಕೂರೋ ಜಾಗ ನೆಲದಿಂದ ಎಷ್ಟು ಎತ್ತರ?” ಅಂತ ಕೇಳಿದೆ. “14 ಇಂಚು ಮೇಡಂ, ಈಗ ಅದೇ ಟ್ರೆಂಡು” ಅಂದರು. “ಮಂಡಿನೋವಿರೋರು ಹೇಗೆ ಏಳೋದು?” ಅಂದಿದ್ದಕ್ಕೆ, “ಆಂಟಿಗೆ ರೂಮಲ್ಲಿ ಒಂದು ಬೇರೆ ಚೇರ್ ಹಾಕೋಣ” ಅಂದರು. ಅಂದರೆ ಹಾಲ್ ಬಂದವರಿಗೆ, ಫೋಟೊಗೆ. ಅತ್ತೆಗೆ ರೂಮಿನ ಮೂಲೆ. ಆ ಮಾತಿಗೇ ನಮ್ಮ ಒಪ್ಪಂದ ಮುರಿಯಿತು. ಮನೆಗೆ ಬಡಗಿಯನ್ನೂ ಪೇಂಟರನ್ನೂ ನಾವೇ ಹುಡುಕಿಕೊಂಡೆವು.

ನೋಡೋಕೆ ಕಟ್ಟಿದ ಮನೆಯಲ್ಲಿ ಇರೋಕೆ ಕಷ್ಟಪಡುವುದು ಹೊಸದೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಪ್ರಸಿದ್ಧ ಗಾಜಿನ ಮನೆ ಇದೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅದನ್ನು ಈಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಕಟ್ಟಿದರು. 1951ರಲ್ಲಿ ಪೂರ್ತಿಯಾಯಿತು. ನಾಲ್ಕೂ ಕಡೆ ನೆಲದಿಂದ ಚಾವಣಿವರೆಗೆ ಗಾಜು. ಇವತ್ತಿಗೂ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಅದನ್ನು ನೋಡಲು ಹೋಗುತ್ತಾರೆ. ಆದರೆ ಅಲ್ಲಿದ್ದ ಆ ವೈದ್ಯೆಗೆ ಬೇಸಿಗೆಯಲ್ಲಿ ಸೆಕೆ, ರಾತ್ರಿ ದೀಪ ಹಾಕಿದರೆ ಹುಳ, ಸದಾ ಯಾರೋ ನೋಡುತ್ತಿದ್ದಾರೆ ಎಂಬ ಮುಜುಗರ. ಖರ್ಚಿನ ವಿಷಯದಲ್ಲಿ ಇಬ್ಬರೂ ಕೋರ್ಟಿಗೂ ಹೋದರು. ನಮ್ಮ ಫ್ಲ್ಯಾಟಿಗೂ ಆ ಮನೆಗೂ ಹೋಲಿಕೆಯೇ ಇಲ್ಲ ಬಿಡಿ. ಆದರೂ ಅದರ ಕಥೆ ಓದಿದಾಗ, ಮನೆಯ ಚಂದಕ್ಕೆ ಅಂಕ ಕೊಡಬೇಕಾದವರು ನೋಡಲು ಬಂದವರಲ್ಲ, ಅಲ್ಲೇ ಏಳುವವರು ಮಲಗುವವರು ಅಂತ ನನಗೆ ಗಟ್ಟಿಯಾಯ್ತು.

ಸೀರೆ ಹೇಳಿಕೊಟ್ಟ ಲೆಕ್ಕ

ಹಾಗಂತ ಬಣ್ಣ ಬಿಟ್ಟುಬಿಡೋದಾ? “ಅತ್ತೆ ಬರ್ತಾರೆ, ಮಗು ಇದೆ, ಎಲ್ಲಾ ಕ್ರೀಮ್ ಕಲರ್ ಹೊಡೆಸಿಬಿಡಿ, ಸೇಫು” ಅಂತ ಹೇಳಿದವರೇ ಹೆಚ್ಚು. ಅದೂ ನನಗೆ ಒಪ್ಪಿಗೆಯಾಗಲಿಲ್ಲ. ಇಪ್ಪತ್ತು ವರ್ಷ ಇಎಂಐ ಕಟ್ಟಿ ಮತ್ತೆ ಓನರ್ ಬಣ್ಣದಲ್ಲೇ ಇರೋದಾದರೆ ಸ್ವಂತ ಮನೆ ಯಾಕೆ?

ದಾರಿ ತೋರಿಸಿದ್ದು ಅತ್ತೆಯ ಒಂದು ಹಳೆಯ ಇಳಕಲ್ ಸೀರೆ. ಒಡಲು ಕಡುನೀಲಿ, ಸಣ್ಣ ಸಣ್ಣ ಚೌಕಳಿ, ಮೆತ್ತನೆ ಹತ್ತಿ. ಸೆರಗು ಮಾತ್ರ ದಾಳಿಂಬೆ ಕೆಂಪು ರೇಷ್ಮೆ, ಅದರಲ್ಲಿ ಬಿಳಿಯ ಟೋಪ ತೆನಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರಂತೆ. ಮಡಚಿಡುವಾಗ ನನಗೆ ಹೊಳೆಯಿತು: ದಿನವಿಡೀ ಮೈಗೆ ತಾಗುವ ಕಡೆ ಹತ್ತಿ, ಎದುರಿನವರ ಕಣ್ಣಿಗೆ ಬೀಳುವ ಕಡೆ ರೇಷ್ಮೆ. ಗತ್ತು ಸೆರಗಿನಲ್ಲಿ, ಆರಾಮ ಒಡಲಿನಲ್ಲಿ. ಒಂದಕ್ಕೋಸ್ಕರ ಇನ್ನೊಂದನ್ನು ಸೀರೆ ಕಡಿಮೆ ಮಾಡಿಕೊಂಡಿಲ್ಲ.

ಅವತ್ತು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿದೆವು. ಮೊದಲನೆಯದು, ಮೈ ಮುಟ್ಟುವ ವಸ್ತುಗಳು: ಸೋಫಾ, ಮಂಚ, ನೆಲ, ಬಾಗಿಲ ಹಿಡಿ, ಸ್ವಿಚ್ಚು, ನಲ್ಲಿ, ಅಡುಗೆ ಕಟ್ಟೆ, ಕಮೋಡ್ ಪಕ್ಕದ ಹಿಡಿಕೆ. ಎರಡನೆಯದು, ಕಣ್ಣು ಮಾತ್ರ ಮುಟ್ಟುವ ವಸ್ತುಗಳು: ಗೋಡೆ, ಚಾವಣಿ, ಪರದೆ, ಬಾಗಿಲ ಹೊರಮೈ, ದೀಪದ ಬುರುಡೆ. ಮೊದಲ ಪಟ್ಟಿಯಲ್ಲಿ ಟ್ರೆಂಡ್ ಮಾತೇ ಇಲ್ಲ, ಅಳತೆ ಮಾತ್ರ. ಎರಡನೆಯದರಲ್ಲಿ ನನ್ನಿಷ್ಟ ಬಂದ ಹಾಗೆ.

ಅಳತೆ ಅಂದರೆ ನಿಜವಾಗಿ ಟೇಪ್ ಹಿಡಿದು ಅಳೆದದ್ದು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಮಂಡಿಯ ಹಿಂಭಾಗದವರೆಗೆ ಅಳೆದರೆ 17 ಇಂಚು ಬಂತು. ಅದಕ್ಕಿಂತ ತಗ್ಗಿನಲ್ಲಿ ಕೂತರೆ ಏಳುವಾಗ ಇಡೀ ಮೈಭಾರ ಮಂಡಿಯ ಮೇಲೆ. ಒಂದಿಂಚು ಎತ್ತರವಿದ್ದರೆ ತೊಡೆಯೇ ಎತ್ತಿಕೊಡುತ್ತದೆ. ಹಾಗಾಗಿ ಸೋಫಾ 18 ಇಂಚು, ಎರಡೂ ಕಡೆ ಗಟ್ಟಿ ಕೈ. ಒಳಗಿನ ಆಳವೂ ಕಡಿಮೆ, ಇಲ್ಲದಿದ್ದರೆ ಬೆನ್ನು ಒರಗಿಸಿದಾಗ ಕಾಲು ನೆಲಕ್ಕೆ ಸಿಗೋಲ್ಲ. ಬಿಲ್ಡರ್ ಹಾಕಿಕೊಟ್ಟಿದ್ದ ಮಿರಿಮಿರಿ ಟೈಲ್ಸ್ ಕೀಳಿಸುವಷ್ಟು ದುಡ್ಡಿರಲಿಲ್ಲ. ಬಾತ್‌ರೂಮ್ ನೆಲ ಮಾತ್ರ ಜಾರದ ಒರಟು ಟೈಲ್ಸ್‌ಗೆ ಬದಲಾಯಿಸಿದೆವು.

ದಾಳಿಂಬೆ ಗೋಡೆ

ಇನ್ನು ನನ್ನ ಪಾಲು. ಹಾಲಿನ ಒಂದು ಗೋಡೆಗೆ ಆ ಸೆರಗಿನ ದಾಳಿಂಬೆ ಕೆಂಪೇ ಬೇಕು ಅಂತ ನಿರ್ಧರಿಸಿದೆ. ಯಾವ ಗೋಡೆ ಅನ್ನುವುದೇ ಇಲ್ಲಿ ಮುಖ್ಯ. ಬಹಳ ಜನ ಟಿವಿ ಗೋಡೆಗೆ ಗಾಢ ಬಣ್ಣ ಹಾಕಿಸುತ್ತಾರೆ. ಆದರೆ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ ಬಂದ ಕಣ್ಣು ಸಂಜೆಯೆಲ್ಲ ನೋಡುವುದು ಅದೇ ಗೋಡೆಯನ್ನಲ್ಲವೇ? ನಾವು ಸೋಫಾದ ಹಿಂದಿನ ಗೋಡೆ ಆರಿಸಿಕೊಂಡೆವು. ಬಾಗಿಲು ತೆಗೆದವರಿಗೆ ಥಟ್ಟನೆ ಕೆಂಪು ಕಾಣುತ್ತದೆ. ಕೂತವರಿಗೆ ಅದು ಬೆನ್ನ ಹಿಂದೆ, ಎದುರಿಗೆ ತಿಳಿ ಅಕ್ಕಿ ಬಣ್ಣ.

ಅಂಗೈಯಗಲದ ಶೇಡ್ ಕಾರ್ಡ್ ನೋಡಿ ಬಣ್ಣ ನಿರ್ಧರಿಸಲು ಆಗೋಲ್ಲ ಅಂತ ನಮ್ಮ ಪೇಂಟರ್ ಮೊದಲೇ ಹೇಳಿದ್ದರು. ಚೂರಿನಲ್ಲಿ ಮೆದುವಾಗಿ ಕಂಡದ್ದು ಗೋಡೆ ತುಂಬಿದರೆ ಜೋರಾಗುತ್ತದೆ. ಸಣ್ಣ ಡಬ್ಬಿ ತಂದು ಎರಡಡಿ ಚೌಕ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ಮೂರು ದಿನ ನೋಡಿದೆವು. ಕೆಂಪು ಬಣ್ಣ ಸುಲಭವಾಗಿ ಗೋಡೆ ಮುಚ್ಚೋಲ್ಲ. ಬಿಳಿ ಪ್ರೈಮರ್ ಮೇಲೆ ನೇರ ಹಚ್ಚಿದರೆ ಕೋಟ್ ಮೇಲೆ ಕೋಟ್ ಬೇಕು. ಅದಕ್ಕೆ ಕೆಳಗೆ ಬೂದು ಬಣ್ಣದ ಪ್ರೈಮರ್ ಹೊಡೆಸಿದರು.

ಗಾಢ ಬಣ್ಣಕ್ಕೆ ಇನ್ನೊಂದು ಗುಣ ಇದೆ, ಬೆಳಕು ತಿನ್ನುತ್ತದೆ. ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಒಂದು ಸಂಖ್ಯೆ ಕೊಡುತ್ತವೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಬಿಳಿ. ಸಂಖ್ಯೆ ಕಡಿಮೆಯಾದಷ್ಟೂ ದೀಪ ಹೆಚ್ಚು ಬೇಕು. ಹಾಲಿನ ಮಧ್ಯೆ ಒಂದೇ ದೀಪ ನೇತುಹಾಕುವ ಬದಲು ಮೂರು ಕಡೆ ಸಣ್ಣ ದೀಪ ಹಾಕಿದೆವು. ಬಲ್ಬ್ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕ ಬರೆದಿರುತ್ತೆ ನೋಡಿ. 6500 ಇದ್ದರೆ ನೀಲಿ ಕಡೆಗೆ ವಾಲುವ ಬೆಳಕು, ಅದರಡಿ ನನ್ನ ದಾಳಿಂಬೆ ಗೋಡೆ ಒಣಗಿದ ಹಾಗೆ ಕಾಣುತ್ತಿತ್ತು. 3000 ಹಾಕಿದಾಗ ಸೆರಗಿನ ಬಣ್ಣವೇ ಎದ್ದುಬಂತು. ಅಡುಗೆಮನೆಗೆ ಮಾತ್ರ 4000. ಅಲ್ಲಿ ಅಕ್ಕಿಯಲ್ಲಿರೋ ಕಲ್ಲು ಕಾಣಬೇಕು.

ಮೊದಲ ದಿನ ಗೋಡೆ ನೋಡಿ ಅತ್ತೆ ಏನೂ ಹೇಳಲಿಲ್ಲ. ಹತ್ತಿರ ಹೋಗಿ ಕೈಯಾಡಿಸಿದರು. “ಗುಳೇದಗುಡ್ಡದ ಖಣದಂಗ ಕೆಂಪಗ ಮಾಡೀರಿ” ಅಂದರು. ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಅರಿಸಿನ ಬಾಗಿಲು

ಬಣ್ಣ ಬೇರೆ, ಅನುಕೂಲ ಬೇರೆ ಅಂತ ಪಟ್ಟಿ ಮಾಡಿದ್ದೆವಲ್ಲ, ಆ ಗೆರೆ ಒಂದು ಕಡೆ ಅಳಿಸಿಹೋಯಿತು. ಅತ್ತೆಯ ರೂಮಿನ ಹೊರಗೆ ಪುಟ್ಟ ಪ್ಯಾಸೇಜ್. ಅಲ್ಲಿ ಮೂರು ಬಾಗಿಲು, ಮೂರೂ ಒಂದೇ ಬಿಳಿ ಲ್ಯಾಮಿನೇಟ್. ಬಂದ ಎರಡನೇ ರಾತ್ರಿ ಅವರು ಬಚ್ಚಲ ಹುಡುಕುತ್ತಾ ಯುಟಿಲಿಟಿಯ ಬಾಗಿಲು ತೆಗೆದು, ಕತ್ತಲಲ್ಲಿ ವಾಷಿಂಗ್ ಮೆಷಿನ್ ಮುಂದೆ ನಿಂತಿದ್ದರು. ಸದ್ಯ, ಬೀಳಲಿಲ್ಲ. ಬೆಳಿಗ್ಗೆ, “ಎಲ್ಲಾ ಬಾಗಿಲಾ ಒಂದ ನಮೂನಿ ಅದಾವು. ಆಸ್ಪತ್ರಿ ಇದ್ದಂಗ ಐತಿ” ಅಂದರು. ಆ ‘ಆಸ್ಪತ್ರಿ’ ಅನ್ನೋ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ತಳಮಳ. ಊರಿನ ಬಸ್ಸಿನ ಬಗ್ಗೆ ಮುಂದಿನ ಮಾತು ಬರುತ್ತದೆ ಅಂತಲೇ ಅಂದುಕೊಂಡೆ.

ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಈ ಮಾತು ತೆಗೆದೆ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಒಳಹೋಗುವ ಬೆಳಕೇ ಕಡಿಮೆ. ನೀಲಿ, ಹಸಿರುಗಳ ತಿಳಿ ಛಾಯೆಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಹಳದಿ, ಕಿತ್ತಳೆ, ಕೆಂಪು ಬೇಗ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯ, ಪಕ್ಕದ ಬಣ್ಣಕ್ಕೂ ಇದಕ್ಕೂ ವ್ಯತ್ಯಾಸ ಎದ್ದು ಕಾಣಬೇಕು. ಬಿಳಿ ಗೋಡೆ ಮೇಲೆ ಬಿಳಿ ಸ್ವಿಚ್ಚು, ಬಿಳಿ ಬಾತ್‌ರೂಮಿನಲ್ಲಿ ಬಿಳಿ ಕಮೋಡ್, ಇವು ನಮಗೆ ‘ಕ್ಲೀನ್ ಲುಕ್’, ಅವರಿಗೆ ಬರೀ ಮಂಜು.

ಆ ವಾರದ ಕೊನೆಗೆ ಬಚ್ಚಲ ಬಾಗಿಲಿಗೆ ಅಪ್ಪಟ ಅರಿಸಿನ ಬಣ್ಣ ಹೊಡೆಸಿದೆ. ಸ್ವಿಚ್ ಬೋರ್ಡ್ ಸುತ್ತ ಕಾಫಿಪುಡಿ ಬಣ್ಣದ ಚೌಕಟ್ಟು. ಕಮೋಡ್ ಪಕ್ಕದ ಹಿಡಿಕೆ ಕಪ್ಪು. ನೆಲದ ಹತ್ತಿರ, ಯಾರಾದರೂ ಹಾದುಹೋದರೆ ತಾನೇ ಹತ್ತುವ ಸಣ್ಣ ದೀಪ. ಮನೆಗೆ ಬಂದ ಗೆಳತಿಯರು ಆ ಹಳದಿ ಬಾಗಿಲ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. “ಎಷ್ಟು ಬೋಲ್ಡ್ ಆಗಿದೆ ಕಣೇ” ಅಂತಾರೆ. ಅತ್ತೆಗೆ ಅದು ರಾತ್ರಿ ಎರಡು ಗಂಟೆಗೆ ದಾರಿ. ಅವತ್ತಿನಿಂದ ನನಗೆ ಬಣ್ಣದ ಧೈರ್ಯವನ್ನೂ ಅನುಕೂಲವನ್ನೂ ತಕ್ಕಡಿಯ ಎರಡು ತಟ್ಟೆಗಳ ಹಾಗೆ ನೋಡೋಕೆ ಆಗಿಲ್ಲ. ಬಣ್ಣ ಯಾರ ಕೆಲಸಕ್ಕೆ ಬರುತ್ತೆ ಅಂತ ಕೇಳಿಕೊಂಡರೆ ಎರಡೂ ಒಂದೇ ಕಡೆ ನಿಲ್ಲುತ್ತವೆ.

ಜಮಖಾನದ ಜಗಳ

ದೊಡ್ಡ ಜಗಳ ಆದದ್ದು ಇದರ ಬಗ್ಗೆ. ಅತ್ತೆಯ ಟ್ರಂಕಿನಲ್ಲಿ ಒಂದು ನವಲಗುಂದ ಜಮಖಾನವಿತ್ತು. ಮದುವೆಯಲ್ಲಿ ತವರಿನಿಂದ ಬಂದದ್ದು. ಕೆಂಪು, ಹಳದಿ, ಕಪ್ಪು, ಹಸಿರು, ನಡುವೆ ಪಗಡೆ ಹಾಸಿನ ವಿನ್ಯಾಸ, ಅಂಚಿಗೆ ನವಿಲು. ಈ ಜಮಖಾನಗಳನ್ನು ನೇಯುವವರು ಹೆಣ್ಣುಮಕ್ಕಳು, ಮನೆಯೊಳಗಿನ ಗೋಡೆಗೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ. ಈಗ ಜಿಐ ಮಾನ್ಯತೆಯೂ ಇದೆ. ಆದರೆ ನೇಯುವ ಮನೆಗಳು ಕೆಲವೇ ಉಳಿದಿವೆ.

ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಏರಿಸೋಣ ಅಂತ ನನ್ನ ಗಂಡ. ನನಗೂ ಒಪ್ಪಿಗೆಯೇ. ಇಂಥ ಕಲೆಯನ್ನು ತುಳಿಯೋದಾ? ಅತ್ತೆ ಮಾತ್ರ ಕೇಳಲಿಲ್ಲ.

“ಜಮಖಾನಿ ಗ್ವಾಡಿಗೆ ಹಾಕ್ತಾರೇನೋ ಯಾರರ? ಕುಂದ್ರಾಕ ನೇಯ್ದದ್ದು ಅದು. ನಿಮ್ಮಪ್ಪ ಅದರ ಮ್ಯಾಲ ಕುಂತು ಲೆಕ್ಕ ಬರೀತಿದ್ರು. ಬೀಗರು ಬಂದ್ರ ಅದನ್ನ ಹಾಸತಿದ್ವಿ. ಗ್ವಾಡಿಗೆ ಹಾಕೋದು ತೀರಿಹೋದವರ ಫೋಟೊ.”

ಮಗ ಸುಮ್ಮನಾದರು. ಮಾವನ ಫೋಟೊ ಇನ್ನೂ ಡಬ್ಬದಲ್ಲೇ ಇತ್ತು.

ಹಾಗಾದರೆ ನೆಲಕ್ಕೆ ಹಾಸೋಣ ಅಂದರೆ ಅದಕ್ಕೆ ನಾನು ಒಪ್ಪಲಿಲ್ಲ. ಆ ಮಿರಿಮಿರಿ ಟೈಲ್ಸ್ ಮೇಲೆ ಜಮಖಾನ ಜಾರುತ್ತದೆ, ಅಂಚಿಗೆ ಕಾಲು ಎಡವುತ್ತದೆ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡ ಕಥೆ ಯಾರ ಮನೆಯಲ್ಲಿಲ್ಲ? ಅಲ್ಲದೆ ಈಗ ಅವರಿಗೆ ನೆಲಕ್ಕೆ ಕೂತು ಏಳೋಕೆ ಆಗುವುದೂ ಇಲ್ಲ. ಅದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. ಗೋಡೆಗೆ ಹಾಕಿದರೆ ವಸ್ತು ಸತ್ತಹಾಗೆ, ನೆಲಕ್ಕೆ ಹಾಸಿದರೆ ಅವರಿಗೇ ದೂರ.

ಉತ್ತರ ಸಿಕ್ಕಿದ್ದು ಬಡಗಿಯಿಂದ. ಹಾಲಿನ ಪೂರ್ವದ ಕಿಟಕಿಯ ಕೆಳಗೆ ಆರಡಿ ಉದ್ದ, ಎರಡೂಕಾಲು ಅಡಿ ಅಗಲದ ಒಂದು ಕಟ್ಟೆ ಮಾಡೋಣ ಅಂದರು. ಎತ್ತರ ಅದೇ 18 ಇಂಚು. ಕೆಳಗೆ ಕೌದಿ, ಹಾಸಿಗೆ ಇಡಲು ಡ್ರಾಯರ್. ಒಂದು ತುದಿಯಲ್ಲಿ ಎದ್ದೇಳುವಾಗ ಹಿಡಿಯಲು ಸಾಗವಾನಿಯ ಗೂಟ. ಕಿಟಕಿಗೆ ಗ್ರಿಲ್ ಇರುವುದರಿಂದ ಮಗ ಹತ್ತಿ ಕುಣಿದರೂ ಭಯವಿಲ್ಲ. ಮೇಲೆ ತೆಳು ಹತ್ತಿಯ ಹಾಸಿಗೆ, ಅದರ ಮೇಲೆ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸಿ, ಜಾರದಂತೆ ಅಡಿಯಲ್ಲಿ ಪಟ್ಟಿ ಕಟ್ಟಿದೆವು. ಬಿಸಿಲಿಗೆ ಬಣ್ಣ ಹೋಗದಿರಲೆಂದು ತೆಳು ಪರದೆ. ದಾಳಿಂಬೆ ಗೋಡೆ ಒಂದು ಕಡೆ, ಪಗಡೆ ಜಮಖಾನ ಇನ್ನೊಂದು ಕಡೆ. ಎರಡು ಜೋರು ಬಣ್ಣ ಒಂದೇ ಹಾಲಿನಲ್ಲಿ ಜಗಳವಾಡುತ್ತವೇನೋ ಅಂತ ಅಳುಕಿತ್ತು. ಜಮಖಾನದೊಳಗೂ ಅದೇ ಕೆಂಪು ಇದ್ದುದರಿಂದ ಅವೆರಡೂ ಒಂದೇ ಊರಿನವರಂತೆ ಹೊಂದಿಕೊಂಡವು. ಉಳಿದದ್ದೆಲ್ಲ ತಿಳಿ ಬಣ್ಣ, ಮರ, ಹತ್ತಿ.

ಮಾವನ ಫೋಟೊ ಕಟ್ಟೆಯ ಪಕ್ಕದ ಗೋಡೆಗೆ ಏರಿತು. ಅದಕ್ಕೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಾಗಲಿಲ್ಲ.

ಕೀಲಿಕೈ ಸಿಗಲಿರುವವರಿಗೆ

ನಿಮ್ಮಲ್ಲಿ ಯಾರಾದರೂ ಈಗ ಮನೆ ಮಾಡಿಕೊಳ್ಳುತ್ತಿದ್ದರೆ, ಸೇವ್ ಮಾಡಿಟ್ಟ ರೀಲ್ಸ್ ತೆಗೆಯುವ ಮುಂಚೆ ಒಂದು ಭಾನುವಾರ ಖಾಲಿ ಫ್ಲ್ಯಾಟಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಒಯ್ದು ಕೂತು ನೋಡಿ. ಬಿಸಿಲು ಎಲ್ಲಿಗೆ ಬರುತ್ತೆ, ಗಾಳಿ ಎಲ್ಲಿಂದ, ಚೀಲ ಎಲ್ಲಿ ಬಿಸಾಡ್ತೀರಿ, ಚಪ್ಪಲಿ ಎಲ್ಲಿ ಬಿಡ್ತೀರಿ. ಮನೆಯಲ್ಲಿ ಇರುವವರ ಮಂಡಿ ಅಳೆಯಿರಿ. ನಾಳೆ ಅಪ್ಪ ಅಮ್ಮ ಬಂದು ಇರಬಹುದಾದರೆ ಅವರದನ್ನೂ. ಮುಟ್ಟುವ ವಸ್ತುಗಳಿಗೆ ದುಡ್ಡು ಮೊದಲು ಎತ್ತಿಡಿ. ಹಾಸಿಗೆ, ಕುರ್ಚಿ, ಬಾತ್‌ರೂಮ್ ನೆಲ ಇವುಗಳಲ್ಲಿ ಉಳಿಸಿದ ದುಡ್ಡು ಮೈ ಕೈ ನೋವಾಗಿ ವಾಪಸ್ ಬರುತ್ತೆ. ಬಣ್ಣಕ್ಕೆ ಧೈರ್ಯ ಸಾಕು. ಬೇಸರ ಬಂದರೆ ಒಂದು ವೀಕೆಂಡಿನಲ್ಲಿ ಗೋಡೆ ಬದಲಾಗುತ್ತದೆ. ತಗ್ಗು ಸೋಫಾ ಬದಲಾಗೋಕೆ ಮುಂದಿನ ಬೋನಸ್ ಬೇಕು.

ಕಳೆದ ತಿಂಗಳು ಹೊಲದ ಲಾವಣಿಯ ಕೆಲಸವಿದೆ ಅಂತ ಅತ್ತೆ ನವಲಗುಂದಕ್ಕೆ ಹೋದರು. ಟ್ರಂಕ್ ತೆಗೆದುಕೊಂಡು ಹೋಗ್ತಾರಾ ಅಂತ ನಾವಿಬ್ಬರೂ ಕದ್ದು ನೋಡಿದೆವು. ಒಂದು ಕೈಚೀಲ ಮಾತ್ರ ಹಿಡಿದು ಹೊರಟರು. ಅಲ್ಲಿ ಹತ್ತು ದಿನ ಇದ್ದರು. ಮಳೆ ಹಿಡಿದಿತ್ತು, ಇಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದೆ ನಾನು ಒದ್ದಾಡುತ್ತಿದ್ದೆ. ಅದನ್ನು ಫೋನಿನಲ್ಲಿ ಹೇಳಿದೆ.

“ಎಲ್ಲೆರ ಹಾಕವಾ,” ಅಂದರು, “ನನ್ನ ಕಟ್ಟಿ ಮ್ಯಾಲ ಮಾತ್ರ ಒಟ್ಟಬ್ಯಾಡ.”